ಹೊಳೆಬೀದಿಯ ಕವಾಯತು

ಮಳೆಗಾಲಕ್ಕೆ ಮುಂಚೆ ಕೊಡೆಯ ಮುರಿದ ಕಡ್ಡಿಯನ್ನು ಮರೆಯದೆ ಸರಿಮಾಡಿಸುವ ಜನ ನಾವು. ಆದರೆ ಮಳೆಯಲ್ಲಿ ನೆನೆಯುವ ಮೊದಲು ಮಳೆಯನ್ನು ಒಂದಿಷ್ಟು ನೆನೆಯಿರಿ ಎಂದವರನ್ನು ಅಪಶಕುನದವರೆಂದು ಬೈಯುತ್ತೇವೆ. ಎಪ್ಪತ್ತರ ದಶಕದ ಕೊನೆಯಲ್ಲಿ ಹಾಗೆ ಬೈಸಿಕೊಂಡವರು ನಮ್ಮ ಭಾವ. ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾಗಿ, ಅಕ್ಕನೊಡನೆ ಹೊನ್ನಾಳಿಯ ಹೊಳೆದಂಡೆಯ ಬೀದಿಯಲ್ಲಿ ನೆಲೆಸಿದ್ದರು.

ತುಂಗಭದ್ರೆಯನ್ನು ಅವರು ಶತ್ರುಪಾಳೆಯವನ್ನು ನೋಡುವಂತೆ ನೋಡುತ್ತಿದ್ದರು: ಎಲ್ಲಿಂದ ನುಗ್ಗೀತು, ನುಗ್ಗಿದರೆ ನಾವು ಯಾವ ದಾರಿಯಲ್ಲಿ ಹಿಂದೆಗೆಯಬೇಕು, ಆ ದಾರಿಯೂ ಮುಚ್ಚಿದರೆ ಇನ್ನಾವುದು. ಒಂದು ಭಾನುವಾರ ಇಡೀ ಬೀದಿಯನ್ನೇ ಹೊರಡಿಸಿ ದಿಣ್ಣೆಯ ಮೇಲಿನ ಶಾಲೆಯವರೆಗೆ ನಡೆಸಿದರು. ಕಾಲಿನ ಸ್ವಾಧೀನ ತಪ್ಪಿದ್ದ ಗಂಗಮ್ಮಜ್ಜಿಯನ್ನು ಮಂಚಸಮೇತ ಹೊತ್ತವರಲ್ಲಿ ನಾನೂ ಒಬ್ಬ. ನ್ಯಾಮತಿಯಲ್ಲಿ ವ್ಯಾಕರಣ ಕಲಿಸುತ್ತಿದ್ದ ನನಗೆ ಅಷ್ಟು ಭಾರವಾದ ಸಮಾಸ ಹಿಂದೆಂದೂ ಸಿಕ್ಕಿರಲಿಲ್ಲ.

ತಾಲ್ಲೂಕಿನ ಸಾಹೇಬರು ಭಾವನನ್ನು ಕರೆಸಿದರು. "ಇದೇನು ಬಾರ್ಡರ್ ಏನ್ರೀ? ಜನಾನ ಸುಮ್ನೆ ಯಾಕೆ ಹೆದರಿಸ್ತೀರಿ?"

"ಹೆದರ್ಸಾಕಲ್ಲ ಸಾರ್. ಹೆದ್ರಿಕೆ ಬಂದಾಗ ಹೆಜ್ಜೆ ಹೆಂಗೆ ಇಡಬೇಕು ಅಂತ ಕಲಿಸ್ತಿದೀನಿ. ಶಾಲೆ ಬೀಗದಕೈ ಒಂದು ನಮ್ ಬೀದಿಯಾಗೆ ಇರ್ಲಿ."

ಬೀಗದಕೈ ಸಿಗಲಿಲ್ಲ. ಬೇಕಾದವರಿಗೆ ಬೀಗ ತೆಗೆಯದ ಮೇಲೆ ಆ ಬೀಗವಾದರೂ ಯಾರಿಂದ ಏನನ್ನು ಕಾಯುತ್ತಿತ್ತೋ!

ಆ ಶ್ರಾವಣದಲ್ಲಿ ಹೊಳೆ ನುಗ್ಗಿತು. ಪೇಟೆಯ ದಾರಿ ಮೊದಲೇ ಮುಳುಗಿತ್ತು. ಭಾವ ದನಿಯೇರಿಸದೆ "ಎರಡನೇ ದಾರಿ" ಎಂದರು; ಬೀದಿಗೆ ಬೀದಿಯೇ ತಿರುಗಿತು. ಶಾಲೆಯ ಮುಂದೆ ಮೇಷ್ಟರು ಕೈಮುಗಿದು ನಿಂತರು: "ಆರ್ಡರ್ ಇಲ್ದೆ ಬಾಗಿಲು ತೆಗೆಯಾಕೆ ಆಗಲ್ರೀ, ನನ್ ನೌಕ್ರಿ ಹೋಗ್ತೈತೆ." ಸುರಿಯುವ ಮಳೆಯಲ್ಲಿ ಅಜ್ಜಿ ಮಂಚದ ಮೇಲೆ ನಡುಗುತ್ತಿದ್ದಳು. ಭಾವ ಒಂದು ಕಲ್ಲೆತ್ತಿಕೊಂಡು ಬೀಗ ಒಡೆದರು. ಬೀದಿಯ ಅರ್ಧ ಮನೆಗಳು ಕುಸಿದವು; ಒಂದು ಜೀವವೂ ಹೋಗಲಿಲ್ಲ.

ನೀರಿಳಿದ ಮೇಲೆ ಸಾಹೇಬರ ಕೊರಳಿಗೆ ಹಾರ ಬಿತ್ತು. ಸರ್ಕಾರಿ ಬೀಗ ಒಡೆದದ್ದೇಕೆಂದು ಭಾವನಿಗೆ ನೋಟೀಸು ಬಂತು. ಓದುಗ ಮಿತ್ರರೇ, ಇಷ್ಟು ವರ್ಷಗಳಾದರೂ ಇದನ್ನು ಬರೆಯುವಾಗ ನನ್ನ ಮೈ ಉರಿಯುತ್ತದೆ. ಮರುವರ್ಷ ಪ್ರವಾಹದ ಮುಂಜಾಗ್ರತೆಯೆಂದು ಕಚೇರಿ ಮಾಡಿದ ಕೆಲಸ ಒಂದೇ: ಶಾಲೆಯ ಬಾಗಿಲಿಗೆ ಇಮ್ಮಡಿ ಗಾತ್ರದ ಬೀಗ.

ಭಾವ ಹೋಗಿ ಅದನ್ನು ನೋಡಿಬಂದು ಬೀದಿಯವರನ್ನು ಸೇರಿಸಿದರು. "ಈ ಸಲ ಒಂದು ಸುತ್ತಿಗೆ ಒಯ್ಬೇಕು. ಯಾರು ತರ್ತೀರಿ?"

ನೋಟೀಸು ಎಲ್ಲರಿಗೂ ನೆನಪಿತ್ತು.

"ನನ್ ದಿಂಬಿನ ಕೆಳಗೆ ಇಡ್ರಪ್ಪ," ಎಂದಳು ಗಂಗಮ್ಮಜ್ಜಿ. "ಹೆಂಗೂ ನನ್ನ ಹೊತ್ಕೊಂಡು ಹೋಗ್ತೀರಿ. ಕೇಳಿದ್ರೆ ಬೀಗ ನಾನೇ ಒಡೆದಿದ್ದು ಅನ್ರಿ. ಕಚೇರಿಗೆ ಕರೆದ್ರೆ ಅಲ್ಲಿಗೂ ಮಂಚದ ಮ್ಯಾಲೇ ಬರ್ತೀನಿ."