ಡಾಕ್ಟರಿಗೆ ಹೇಳದ ಎಲೆ

ನನ್ನ ಗಂಡ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಯಶವಂತಪುರದ ನಮ್ಮ ವಠಾರದ ನಲ್ಲಿಯ ಬಳಿ ಕುಕ್ಕರಗಾಲಲ್ಲಿ ಕೂತು ಬಿಂದಿಗೆ ತುಂಬಿಸುತ್ತಿದ್ದರು. ತುಂಬಿತೆಂದು ಎದ್ದು ನಿಂತರು. ನಿಂತವರು ಒಂದು ಮಾತೂ ಆಡದೆ ಹಿಂದಕ್ಕೆ ಬಿದ್ದರು. ತಲೆ ಬಟ್ಟೆ ಒಗೆಯುವ ಕಲ್ಲಿಗೆ ಬಡಿಯಿತು. ಬಿಂದಿಗೆ ಮಾತ್ರ ನೆಟ್ಟಗೆ ನಿಂತಿತ್ತು. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಎಂಬತ್ತರ ದಶಕದ ನಡುವಿನ ಮಾತು. ಆ ಬೆಳಿಗ್ಗೆ ನಿಜವಾಗಿಯೂ ನಡೆಯಿತೆಂದು ನನ್ನ ಮನಸ್ಸು ಇನ್ನೂ ಒಪ್ಪಿಲ್ಲ.

ಅದಕ್ಕೆ ಎರಡು ತಿಂಗಳ ಮುಂಚೆ, ಕುವೈತಿನಲ್ಲಿ ಡ್ರೈವರ್ ಆಗಿದ್ದ ನನ್ನ ಅಣ್ಣ ರಜೆಯಲ್ಲಿ ಬಂದಿದ್ದ. ಇವರಿಗೆ ಬಿಪಿ ಇದೆಯೆಂದು ಅವನಿಗೆ ಗೊತ್ತಿತ್ತು. ಸೂಟ್‌ಕೇಸಿನಿಂದ ಒಣಗಿದ ಎಲೆಯ ದೊಡ್ಡ ಪೊಟ್ಟಣ ತೆಗೆದ.

"ಆಲಿವ್ ಎಲೆ ಕಣಮ್ಮಾ. ನಮ್ ಜೊತೆ ಕೆಲಸ ಮಾಡೋ ಪ್ಯಾಲೆಸ್ಟೈನ್‌ನೋನು ಕೊಟ್ಟ. ಅವರ ಕಡೆ ಬಿಪಿಗೆ ಇದನ್ನೇ ನೀರಲ್ಲಿ ಕುದಿಸಿ ಕುಡೀತಾರಂತೆ."

ಇವರು ಒಂದೆಲೆ ಎತ್ತಿ ಮೂಸಿ ನೋಡಿದರು. "ಭಾವ ಪೆಟ್ರೋಲ್ ತರ್ತಾರೆ ಅಂದ್ಕೊಂಡಿದ್ದೆ. ಮೇಕೆ ಮೇವು ತಂದಿದಾರಲ್ಲೇ."

ಮೇಕೆ ಮೇವು ಎಂದು ನಗುತ್ತಲೇ ಮಾರನೆಯ ದಿನದಿಂದ ಬೆಳಿಗ್ಗೆ ಒಂದು ಲೋಟ ಕುಡಿಯತೊಡಗಿದರು. ಬಿಪಿ ಮಾತ್ರೆಯನ್ನೂ ಬಿಡಲಿಲ್ಲ.

ನನ್ನ ತವರು ಬಾಗಲೂರು. ಅಲ್ಲಿ ನಮ್ಮಜ್ಜಿ ಕಾಮಾಲೆಗೆ ಸೊಪ್ಪು ಅರೆದು ಕೊಡುತ್ತಿದ್ದಳು. ಕುಡಿದವರು ಬೇರೆಯವರ ಮುಂದೆ ಬಾಯಿಬಿಡಬಾರದು, ಬಿಟ್ಟರೆ ಮದ್ದಿನ ಗುಣ ಹೋಗುತ್ತದೆ ಎನ್ನುತ್ತಿದ್ದಳು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಆದರೂ ಎಲೆಯ ಮದ್ದು ಎಂದರೆ ಹೇಳಬಾರದ್ದು ಎಂಬುದು ಚಿಕ್ಕಂದಿನಿಂದ ನನ್ನಲ್ಲಿ ಕೂತುಬಿಟ್ಟಿತ್ತು. ಕುವೈತಿನಿಂದ ಬಂದ ಎಲೆಗೆ ಆ ಕಟ್ಟಳೆ ಹಾಕಿದವಳು ನಾನೇ.

ಕೆಲವು ವಾರಗಳಲ್ಲಿ ಇವರಿಗೆ ತಲೆ ಸುತ್ತು ಶುರುವಾಯಿತು. ಪೀಣ್ಯದ ಫ್ಯಾಕ್ಟರಿಗೆ ರಜೆ ಹಾಕಿಸಿ, ಯಾವಾಗಲೂ ತೋರಿಸುತ್ತಿದ್ದ ಡಾಕ್ಟರ ಬಳಿ ನಾನೇ ಕರೆದುಕೊಂಡು ಹೋದೆ. ಅವರು ತೋಳಿಗೆ ಪಟ್ಟಿ ಸುತ್ತಿ ಎರಡು ಸಲ ನೋಡಿದರು.

"ಬಿಪಿ ತುಂಬಾ ಇಳಿದಿದೆಯಲ್ರೀ. ಬೇರೆ ಏನಾದ್ರೂ ಔಷಧಿ ತಗೋತಿದೀರಾ?"

ಇವರು ನನ್ನ ಮುಖ ನೋಡಿದರು.

"ಏನೂ ಇಲ್ಲ ಡಾಕ್ಟ್ರೇ," ಅಂದೆ ನಾನು.

ಡಾಕ್ಟರು ಮಾತ್ರೆಯನ್ನು ಅರ್ಧಕ್ಕೆ ಇಳಿಸಿ ಚೀಟಿ ಬರೆದು, ಹದಿನೈದು ದಿನ ಬಿಟ್ಟು ಬರಲು ಹೇಳಿದರು. ನನಗೆ ಹಿಗ್ಗೋ ಹಿಗ್ಗು. ದಾರಿಯುದ್ದಕ್ಕೂ ಅದೇ ಮಾತು. "ನೋಡಿದ್ರಾ, ಎಲೆ ಹೆಂಗೆ ಕೆಲಸ ಮಾಡ್ತಿದೆ. ಇನ್ನರ್ಧ ಮಾತ್ರೇನೂ ಬಿಡಿಸ್ಬಿಡುತ್ತೆ."

"ಹೂಂ, ಆಮೇಲೆ ನನ್ನನ್ನ ಮೇಕೆ ಜೊತೆ ಕಟ್ಟಾಕು," ಅಂದರು.

ಮಾರನೆಯ ದಿನದಿಂದ ಸಂಜೆಯೂ ಒಂದು ಲೋಟ ಕೊಟ್ಟೆ. ಅವರು ನಲ್ಲಿಯ ಬಳಿ ಬಿದ್ದದ್ದು ಡಾಕ್ಟರ ಬಳಿ ಹೋಗಿ ಬಂದ ಒಂಬತ್ತನೆಯ ದಿನ.

ತಲೆಗೆ ಪೆಟ್ಟು ಬಿತ್ತು, ಹೋದರು ಎಂದಷ್ಟೇ ಎಲ್ಲರೂ ಅಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವರ ಅಂಗಿಗಳನ್ನು ಮಡಿಸುವಾಗ ಜೇಬಿನಲ್ಲಿ ಡಾಕ್ಟರ ಚೀಟಿ ಸಿಕ್ಕಿತು. ಅರ್ಧ ಮಾತ್ರೆ ಎಂದು ಬರೆದಿತ್ತು. ಬಿಪಿ ಇಳಿದಿದೆಯೆಂದು ಡಾಕ್ಟರು ಮಾತ್ರೆ ಅರ್ಧ ಮಾಡಿದ ಮಾರನೆಯ ದಿನವೇ ನಾನು ಎಲೆಯನ್ನು ಎರಡು ಲೋಟ ಮಾಡಿದ್ದು ಥಟ್ಟನೆ ಹೊಳೆಯಿತು. ಅಂಗಿ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ಯಾರಿಗೂ ಹೇಳದೆ ಡಾಕ್ಟರ ಬಳಿಗೆ ಹೋದೆ. ಎಲ್ಲವನ್ನೂ ಹೇಳಿದೆ. ಬಯ್ಯಲಿ ಎಂದೇ ಹೋಗಿದ್ದೆ. ಅವರು ಪೆನ್ನು ಕೆಳಗಿಟ್ಟರು.

"ಅದರಿಂದಲೇನಾ ಡಾಕ್ಟ್ರೇ?"

"ಹೌದು ಅಂತ ಹೇಳಕ್ಕಾಗಲ್ಲಮ್ಮ. ಅಲ್ಲ ಅಂತಲೂ ಹೇಳಕ್ಕಾಗಲ್ಲ."

"ಅವತ್ತೇ ಹೇಳಿದ್ದಿದ್ರೆ?"

"ಒಂದು ವಾರ ಎಲೆ ನಿಲ್ಸಿ ನೋಡೋಣ ಅಂತಿದ್ದೆ. ಅಷ್ಟೇ."

ಏಳಬೇಕೆಂದುಕೊಂಡೆ, ಆಗಲಿಲ್ಲ. ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು. ಡಾಕ್ಟರೇ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತರು.