ಹಳೇ ಕಾರಿನ ನಾಡಿವೈದ್ಯ
ಭಾನುವಾರ ಕಾಫಿ ಮುಗಿಯುತ್ತಲೇ ನಿವೃತ್ತ ಟೈಪಿಂಗ್ ಮೇಷ್ಟ್ರು ತೂತುಬಿದ್ದ ಬನಿಯನ್ ತೊಟ್ಟು, ಸ್ಪ್ಯಾನರ್ ಹಿಡಿದು, ತಮ್ಮ ಇಪ್ಪತ್ತೆರಡು ವರ್ಷದ ಪುಟ್ಟ ಕಾರಿನ ಮೇಲೆ ದಂಡೆತ್ತಿ ಹೋಗುತ್ತಾರೆ. ಬಾನೆಟ್ ತೆರೆದರೆ ಮುಗಿಯಿತು. ಸ್ಪಾರ್ಕ್ ಪ್ಲಗ್ಗುಗಳು ಸೆರೆಸಿಕ್ಕ ಸೈನಿಕರಂತೆ ಹಳೇ ಪೇಪರಿನ ಮೇಲೆ ಸಾಲಾಗಿ ಮಲಗುತ್ತವೆ. ಮೆಕ್ಯಾನಿಕ್ಕನ ಸುದ್ದಿ ಎತ್ತಿದರೆ, "ಅವನಿಗೆ ಬಿಚ್ಚೋದು ಬಿಟ್ಟು ಇನ್ನೇನು ಗೊತ್ತು?" ಎಂದು ಬಿಚ್ಚುತ್ತಲೇ ಕೇಳುತ್ತಾರೆ. ಎಲ್ಲವನ್ನೂ ಒರೆಸಿ ಕೂರಿಸಿ ಎಂಜಿನ್ ಚಾಲೂ ಮಾಡಿದ ಮೇಲೆ ಮಾತ್ರ ಹೆಂಡತಿ ಬೇಕು, ಏಕೆಂದರೆ ಮೂವತ್ತು ವರ್ಷ ಟೈಪ್‌ರೈಟರುಗಳ ನಡುವೆ ಸವೆದ ಮೇಷ್ಟ್ರ ಕಿವಿಗಳು ಈಗ ಹೆಚ್ಚುಕಡಿಮೆ ರಜೆಯಲ್ಲಿವೆ. "ಟಕ್ ಟಕ್ ಅಂತಿದೆಯೋ, ಟಿಕ್ ಟಿಕ್ಕೋ? ಸರಿಯಾಗಿ ಕೇಳಿ ಹೇಳೇ." "ಒಲೆ ಮೇಲೆ ಹಾಲು ಉಕ್ತಿದೆ ರೀ, ನನಗೆ ಅದೇ ಕೇಳಿಸ್ತಿದೆ." ಹಾಗೆಂದರೂ ಆಕೆ ಕದಲುವುದಿಲ್ಲ. ನೆಂಟರು ಬಂದರೆ ಮೂಲೆ ಹಿಡಿಯುವ, ಫೋನ್ ಬಂದರೆ ಆಕೆಯ ಕೈಗೇ ತುರುಕುವ ಗಂಡ ಇಲ್ಲಿ ಮಾತ್ರ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಾರೆ. ಎಂಜಿನ್ ಹೋದ ತಿಂಗಳೇ ಸರಿಹೋಗಿದೆ. ಒಂದು ಅಪಸ್ವರವೂ ಇಲ್ಲ. ಅದು ಆಕೆಯೊಬ್ಬರಿಗೇ ಗೊತ್ತು. ಆದರೂ ತೆರೆದ ಬಾನೆಟ್ಟಿನೊಳಗೆ ಬಾಗಿ, ತುಸು ಯೋಚಿಸಿ, ಗಂಡನ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳುತ್ತಾರೆ: "ಇವತ್ತು ಗುರ್ ಅಂತಿದೆ ರೀ. ಇದು ಬೇರೆ ಥರಾನೇ ಇದೆ."