ಕೈ ಕೊಟ್ಟ ಇಂಗ್ಲಿಷ್ ಸರ್

ಎಡಗೈ ಕಿರುಬೆರಳಿನ ಉಗುರನ್ನು ಅವರು ಉದ್ದ ಬಿಟ್ಟಿದ್ದರು. ಅದರಿಂದ ಕಿವಿ ಕೆರೆದುಕೊಳ್ಳುತ್ತಿದ್ದರು, ಅಂಗಿಯ ಮೇಲಿನ ಸೀಮೆಸುಣ್ಣದ ಪುಡಿ ಕೊಡವುತ್ತಿದ್ದರು, ಮತ್ತೆ ಅದೇ ಉಗುರನ್ನು ನಮ್ಮ ಮೈಯ ಯಾವುದಾದರೊಂದು ಊನದತ್ತ ಚಾಚಿ ಪಾಠ ಶುರು ಮಾಡುತ್ತಿದ್ದರು.

ಹೊಸಪೇಟೆಯಲ್ಲಿ ಸೈಕಲ್ ಅಂಗಡಿಯೊಂದರ ಮಾಳಿಗೆಯ ಮೇಲೆ ಅವರ ಇಂಗ್ಲಿಷ್ ಕ್ಲಾಸು. ಸಂಡೂರಿನ ಗಣಿ ಆಫೀಸು ಸೇರಬೇಕೆನ್ನುವವರು, ಹಂಪಿಯಲ್ಲಿ ಗೈಡ್ ಆಗಬೇಕೆನ್ನುವವರು, ಎಲ್ಲರೂ ಅಲ್ಲಿಗೇ ಬರುತ್ತಿದ್ದೆವು. ವ್ಯಾಕರಣ ಎಲ್ಲಿ ಬೇಕಾದರೂ ಸಿಗುತ್ತದೆ, ನುಡಿಗಟ್ಟು ನನ್ನ ಹತ್ತಿರ ಮಾತ್ರ ಎನ್ನುತ್ತಿದ್ದರು. ಅದರಲ್ಲೂ ಮೈಯ ಅಂಗಗಳ ನುಡಿಗಟ್ಟೆಂದರೆ ಅವರಿಗೆ ಹಬ್ಬ. ಕಂಪ್ಲಿಯ ಹುಡುಗನೊಬ್ಬನಿಗೆ ಕಿವಿ ಅಗಲ. ಅವನನ್ನು ಎಬ್ಬಿಸಿ ನಿಲ್ಲಿಸಿ, "'ಐ ಆಮ್ ಆಲ್ ಇಯರ್ಸ್' ಅಂದ್ರ ಮೈಯೆಲ್ಲಾ ಕಿವಿಯಾಗಿ ಕೇಳೋದು. ಇಂವನ್ನ ನೋಡ್ರಿ, ಅರ್ಥ ಹೇಳೋದೇ ಬ್ಯಾಡ" ಎಂದರು. ಮರುದಿನದಿಂದ ಅವನು ಬರಲಿಲ್ಲ. ಸರ್ ಬೋರ್ಡಿನ ಮೇಲೆ 'ಕೋಲ್ಡ್ ಫೀಟ್' ಎಂದು ಬರೆದು, ಅವನು ಕೂಡುತ್ತಿದ್ದ ಜಾಗ ತೋರಿಸಿ, "ಅಂಜಿ ಹಿಂದ ಸರಿಯೋದು" ಎಂದು ಅರ್ಥ ಹೇಳಿದರು.

ನನ್ನ ಸರದಿ ಬರುತ್ತದೆಂದು ಗೊತ್ತಿತ್ತು. ನಾನು ಹುಟ್ಟಿದ್ದೇ ಸೀಳುತುಟಿಯೊಂದಿಗೆ. ಕೂಸಿದ್ದಾಗಲೇ ಹೊಲಿಗೆ ಹಾಕಿಸಿದ್ದರೂ ಗುರುತು ಉಳಿದಿತ್ತು, ಮಾತು ಮೂಗಿನಲ್ಲಿ ಬರುತ್ತಿತ್ತು.

"ಏ ಮೆಟ್ರಿ, ಎದ್ದು ನಿಂದ್ರು" ಎಂದರು. ಊರಿನ ಹೆಸರಿನಿಂದ ಕರೆಯುವುದು ಅವರ ರೂಢಿ. "'ಕೀಪ್ ಎ ಸ್ಟಿಫ್ ಅಪ್ಪರ್ ಲಿಪ್.' ಎಂಥಾ ಕಷ್ಟ ಬಂದ್ರೂ ಮ್ಯಾಲಿನ ತುಟಿ ನಡುಗಬಾರದು. ನಿಂದು ಡಾಕ್ಟ್ರೇ ಹೊಲಿದು ಕಳಿಸ್ಯಾರ, ಪುಣ್ಯವಂತಿ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನು ಅವರ ಮುಖವನ್ನೇ ನೋಡುತ್ತ ನಿಂತೆ. ಅಳಲಿಲ್ಲ. ನಗೆ ತಣ್ಣಗಾದ ಮೇಲೆ ಅವರು, "ಕರೆಕ್ಟ್. ಇದೇ ಅರ್ಥ. ಕುಂದ್ರು" ಎಂದರು.

ಇಂಥವರ ಹತ್ತಿರ ಯಾಕೆ ಹೋಗುತ್ತಿದ್ದೆ ಎಂದರೆ, ನನ್ನ ಬಾಯಿಗೆ 'ಪ' ತಂದುಕೊಟ್ಟವರು ಅವರೇ. ಗಾಳಿ ಮೂಗಿನಿಂದ ಸೋರಿ ನನ್ನ 'ಪ' ಎಲ್ಲ 'ಮ' ಆಗುತ್ತಿತ್ತು. ಅಪ್ಪ ಎಂದರೆ ಅಮ್ಮ ಎಂದು ಕೇಳುತ್ತಿತ್ತು. ಕ್ಲಾಸು ಮುಗಿದ ಮೇಲೆ ನನ್ನನ್ನು ಕೂಡಿಸಿ, ನನ್ನದೇ ಬಸ್ ಟಿಕೆಟನ್ನು ತುಟಿಯ ಮುಂದೆ ಹಿಡಿಸಿ 'ಪೇಪರ್' ಅನ್ನಿಸುತ್ತಿದ್ದರು. "ಟಿಕೆಟ್ ಅಲುಗ್ಯಾಡ್ಲಿಲ್ಲ. ನಿಮ್ಮೂರ ಎಮ್ಮಿ ನಿನಗಿಂತ ಚಲೋ ಹೇಳ್ತೈತಿ. ಇನ್ನೊಮ್ಮೆ." ತಿಂಗಳುಗಟ್ಟಲೆ ಇದೇ. ಕೊನೆಗೊಂದು ಸಂಜೆ ಟಿಕೆಟ್ ಅಲುಗಾಡಿತು. ಅವರು ಕಿಟಕಿಯ ಕಡೆ ತಿರುಗಿ, "ಹೋಗು, ಬಸ್ ತಪ್ತೈತಿ" ಎಂದರು, ಅಷ್ಟೇ. ಮನೆಗೆ ಬಂದು ಅಪ್ಪ ಎಂದು ಕರೆದೆ. ಉಣ್ಣುತ್ತಿದ್ದ ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದು ಕುಳಿತುಬಿಟ್ಟ.

ಹಂಪಿಯ ಹತ್ತಿರದ ಹೋಟೆಲೊಂದರಲ್ಲಿ ರಿಸೆಪ್ಶನ್ ಕೆಲಸ ಖಾಲಿ ಇದೆಯೆಂದು ಸರ್ ತಾವಾಗಿಯೇ ಹೇಳಿದರು. ಮ್ಯಾನೇಜರ್ ಅವರ ಹಳೆಯ ವಿದ್ಯಾರ್ಥಿ. "ಐ ವಿಲ್ ಗಿವ್ ಯೂ ಎ ಹ್ಯಾಂಡ್" ಎಂದರು. ಇಂಗ್ಲಿಷಿನಲ್ಲಿ ಕೈ ಕೊಡುವುದೆಂದರೆ ನೆರವಾಗುವುದು ಎಂದು ಅವರೇ ಕಲಿಸಿದ್ದರು. ಹೊಸ ಚಪ್ಪಲಿ ಮೆಟ್ಟಿ ಹೋದೆ. ಕೇಳಿದ್ದಕ್ಕೆಲ್ಲ ತಡವರಿಸದೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ. ಮ್ಯಾನೇಜರ್ ಟೇಬಲ್ ನೋಡುತ್ತ ಹೇಳಿದರು: "ಸರ್ ಫೋನ್ ಮಾಡಿದ್ರವಾ. ಮುಂದ ಕೂಡ್ರಿಸಬ್ಯಾಡ, ಬಂದವ್ರು ಮುಖ ನೋಡಿ ಹೆದರ್ತಾರ, ಹಿಂದಿನ ರೂಮಿನ್ಯಾಗ ಫೋನ್ ಎತ್ತಾಕ ಇಟ್ಕೋ ಅಂದ್ರು."

ಎದ್ದು ಬಂದೆ. ನೇರ ಮಾಳಿಗೆ ಹತ್ತಿ, ಎಲ್ಲರೆದುರಿಗೇ, "ಸರ್, ನನಗ ಕೈ ಕೊಟ್ರಿ" ಎಂದೆ.

"ಯಾವ ಭಾಷಾದಾಗ?" ಎಂದರು.

"ನಮ್ಮ ಭಾಷಾದಾಗ."

ಅವರು ಚಪ್ಪಾಳೆ ತಟ್ಟಿದರು. ಆ ಮಾತು ಅವರಿಗೆ ನಿಜವಾಗಿಯೂ ಖುಷಿ ಕೊಟ್ಟಿತ್ತು. ನನ್ನ ಬಗ್ಗೆ ಮಾತ್ರ ಗುಲಗಂಜಿಯಷ್ಟೂ ಮರುಕವಿರಲಿಲ್ಲ. ಆವತ್ತೇ ಕ್ಲಾಸು ಬಿಟ್ಟೆ. ಗೈಡ್ ಪರೀಕ್ಷೆ ಕಟ್ಟಿ ಪಾಸಾದೆ. ಈಗ ಹಂಪಿಯ ಬಿಸಿಲಿನಲ್ಲಿ ಇದೇ ಮುಖ ಮುಂದೆ ಮಾಡಿಕೊಂಡು ಪರದೇಶದವರಿಗೆ ಕಲ್ಲು ತೋರಿಸುತ್ತೇನೆ. ಯಾರೂ ಹೆದರಿ ಓಡಿಲ್ಲ.

ಹೋದ ವರ್ಷ ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು, ಟಿ.ಬಿ. ಡ್ಯಾಮ್ ಬಳಿ ಇರುವ ಅವರ ಮಗಳ ಮನೆಗೆ ಹೋದೆ. ಮುದುಕ ಕರಗಿರಬಹುದು ಎಂದುಕೊಂಡಿದ್ದೆ. ನನ್ನನ್ನು ಕೂಡಲೇ ಗುರುತಿಸಿದರು. ನೋಡಲು ಬಂದಿದ್ದ ಬೀಗರಿಗೆ, "ಇಕಿ ನನ್ನ ಸ್ಟೂಡೆಂಟು. ಇಕಿ ಇಂಗ್ಲಿಷು ಕೇಳಬೇಕ್ರಿ ನೀವು, ಭಾಳ ಮಸ್ತ್. ಎಲ್ಲಾ ನಾನೇ ಮಾಡಿದ್ದು. ಆ ತುಟಿ ಒಂದು ಬಿಟ್ಟು" ಎಂದರು.

ಬೀಗರು ನಕ್ಕರು. ಮಗಳು ತಲೆ ತಗ್ಗಿಸಿ ಒಳಗೆ ಹೋದಳು. ನಾನು ತಂದಿದ್ದ ಮೋಸಂಬಿಯನ್ನು ಹಾಸಿಗೆಯ ಪಕ್ಕ ಇಟ್ಟು ಎದ್ದೆ. ಆ ಅಮಾವಾಸ್ಯೆ ಕಳೆಯುವುದರೊಳಗೆ ಅವರು ತೀರಿಕೊಂಡರು. ನಾನು ಮಣ್ಣಿಗೆ ಹೋಗಲಿಲ್ಲ.

ಇಷ್ಟು ಚೆಂದದ ಇಂಗ್ಲಿಷ್ ಯಾರು ಕಲಿಸಿದರು ಎಂದು ಬಂದವರೆಲ್ಲ ಕೇಳುತ್ತಾರೆ. ಹೊಸಪೇಟೆಯಲ್ಲಿ ಒಬ್ಬ ಮೇಷ್ಟ್ರಿದ್ದರು ಎನ್ನುತ್ತೇನೆ. ತಮ್ಮ ಹೆಸರನ್ನು ಆಳೆತ್ತರದ ಬೋರ್ಡಿನ ಮೇಲೆ ಡಿಗ್ರಿಗಳ ಸಮೇತ ಬರೆಸಿದ್ದವರು ಅವರು. ಆ ಹೆಸರು ದೊಡ್ಡವರ ಬಾಯಲ್ಲಿ ಓಡಾಡಬೇಕೆಂಬುದೊಂದೇ ಅವರ ಆಸೆಯಾಗಿತ್ತು. ನಾನಾಡುವ ಒಂದೊಂದು ಮಾತಿನಲ್ಲೂ ಅವರ ಋಣವಿದೆ, ಇಲ್ಲ ಎನ್ನುವುದಿಲ್ಲ. ಹೆಸರೇನು ಎಂದು ಕೇಳಿದರೆ ಮಾತ್ರ ಮುಂದಿನ ಕಂಬದ ಕಡೆ ನಡೆಯುತ್ತೇನೆ. ಈವರೆಗೆ ಯಾರಿಗೂ ಹೇಳಿಲ್ಲ. ಇಲ್ಲಿಯೂ ಬರೆದಿಲ್ಲ.